ಅಂತರಜಾಲದಲ್ಲಿ ಆಕರಶೋಧ: ಬೇಕಲ ಕೋಟೆಯ ನಿದರ್ಶನ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕಿರು ಸಂಪ್ರಬಂಧಕ್ಕೆ ತಮ್ಮ ಊರಿನ ಕೋಟೆ, ದೇವಾಲಯ, ಶಾಸನ, ಸ್ಥಳನಾಮ ಮೊದಲಾದ ವಿಷಯಗಳನ್ನು ಆಯ್ದುಕೊಳ್ಳುವುದು ವಾಡಿಕೆ. ಗಡಿನಾಡಿನಲ್ಲಿ ದೊಡ್ಡ ಕನ್ನಡ ಗ್ರಂಥಾಲಯಗಳು ವಿರಳವಾದುದರಿಂದ ಅಂತರಜಾಲವೇ ಅವರಿಗೆ ಮೊದಲ ಆಸರೆ. ಅದನ್ನು ಆಕರವೆಂದು ಭಾವಿಸದೆ ಆಕರದೆಡೆಗೆ ಒಯ್ಯುವ ದಾರಿಯೆಂದು ತಿಳಿದಾಗಲೇ ಅಧ್ಯಯನಕ್ಕೆ ಬೆಲೆ. ಕಾಸರಗೋಡಿನ ಒಂದು ನಿದರ್ಶನದಿಂದ ಇದನ್ನು ಪರಿಶೀಲಿಸೋಣ.

ಸಾಕ್ಷಿಗಳ ಎಣಿಕೆ

ಬೇಕಲ ಕೋಟೆಯನ್ನು ಕಟ್ಟಿಸಿದವರಾರು? ಈ ಪ್ರಶ್ನೆಯೊಡನೆ ಹುಡುಕಾಟಕ್ಕೆ ತೊಡಗಿದರೆ, ಕೆಳದಿಯ ಶಿವಪ್ಪ ನಾಯಕನು 1650ರ ಸುಮಾರಿಗೆ ಕಟ್ಟಿಸಿದನೆಂಬ ಹೇಳಿಕೆ ಅನೇಕ ಪುಟಗಳಲ್ಲಿ ದೊರೆಯುತ್ತದೆ. ಅದಕ್ಕೂ ಹಿಂದೆ ಕೋಲತ್ತಿರಿ ಅರಸರ ಕಾಲದಲ್ಲಿಯೇ ಅಲ್ಲಿ ಕೋಟೆಯಿತ್ತೆಂಬ ಅಭಿಪ್ರಾಯವೂ ಕಾಣಸಿಗುತ್ತದೆ. ಹೆಚ್ಚು ಪುಟಗಳು ಹೇಳಿದ್ದೇ ಸತ್ಯವೆಂದು ತೀರ್ಮಾನಿಸಬಹುದೆ?

ಗ್ರಂಥಸಂಪಾದನಶಾಸ್ತ್ರವನ್ನು ಓದಿದವರಿಗೆ ಇದರ ಉತ್ತರ ಹೊಸದಲ್ಲ. ಒಂದೇ ಮಾತೃಕೆಯಿಂದ ನಕಲಾದ ಹತ್ತು ಓಲೆಪ್ರತಿಗಳನ್ನು ಸಂಪಾದಕರು ಹತ್ತು ಸಾಕ್ಷಿಗಳೆಂದು ಎಣಿಸುವುದಿಲ್ಲ. ಪ್ರತಿಗಳಲ್ಲಿ ಸಮಾನವಾಗಿ ಬಂದ ತಪ್ಪುಗಳೇ ಅವುಗಳ ಸಂಬಂಧವನ್ನು ಬಯಲು ಮಾಡುತ್ತವೆ. ಅಂತರಜಾಲದ ಪುಟಗಳಿಗೂ ಇದೇ ಒರೆಗಲ್ಲು ಸಲ್ಲುತ್ತದೆ. ಅದೇ ವಾಕ್ಯ, ಅದೇ ಇಸವಿ, ಅದೇ ಕಾಗುಣಿತದ ದೋಷ ಹಲವೆಡೆ ಕಂಡರೆ ಅವು ಒಂದರ ನಕಲುಗಳೆಂದು ಶಂಕಿಸಬೇಕು. ಪುಟದ ಕೊನೆಯಲ್ಲಿ ಆಧಾರಗ್ರಂಥದ ಹೆಸರಿದ್ದರೆ ಆ ಗ್ರಂಥವನ್ನೇ ಅರಸಬೇಕು. ಇಲ್ಲದಿದ್ದರೆ ಆ ಹೇಳಿಕೆಯನ್ನು ಸುಳಿವೆಂದಷ್ಟೇ ಇಟ್ಟುಕೊಳ್ಳಬೇಕು.

ಹಳೆಯ ಹೆಸರುಗಳು

ಹುಡುಕುವ ಪದವನ್ನು ಆರಿಸುವುದಕ್ಕೂ ಚರಿತ್ರೆಯ ಜ್ಞಾನ ಬೇಕು. ಕಾಸರಗೋಡು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಅದು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ಆದುದರಿಂದ ಹಳೆಯ ದಾಖಲೆಗಳನ್ನು ‘ಕಾಸರಗೋಡು ಜಿಲ್ಲೆ’ ಎಂಬ ಹೆಸರಿನಲ್ಲಿ ಅರಸಿದರೆ ಫಲವಿಲ್ಲ. ‘ಸೌತ್ ಕೆನರಾ’ ಎಂದು ಹುಡುಕಬೇಕು; ರೋಮನ್ ಲಿಪಿಯಲ್ಲಿ ಕೆನರಾ ಶಬ್ದವನ್ನು ‘ಸಿ’ ಮತ್ತು ‘ಕೆ’ ಎರಡೂ ಅಕ್ಷರಗಳಿಂದ ಆರಂಭಿಸಿ ನೋಡಬೇಕು. ಆಗ ಫ್ರಾನ್ಸಿಸ್ ಬುಕಾನನ್‌ನ 1807ರ ಪ್ರವಾಸಗ್ರಂಥ, ಸ್ಟರಕ್‌ನ 1894ರ ಜಿಲ್ಲಾ ಕೈಪಿಡಿ ಮೊದಲಾದವು ಕಣ್ಣಿಗೆ ಬೀಳುತ್ತವೆ.

ಶಾಸನಗಳ ವಿಷಯದಲ್ಲಿಯೂ ಹೀಗೆಯೇ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಹಳೆಯ ಮೈಸೂರು ಸಂಸ್ಥಾನಕ್ಕೂ ಕೊಡಗಿಗೂ ಸೀಮಿತ. ಮದರಾಸು ಪ್ರಾಂತದ ಕನ್ನಡ ಶಾಸನಗಳನ್ನು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸಂಪುಟಗಳಲ್ಲಿ ನೋಡಬೇಕು. ಆದೋನಿ, ರಾಯದುರ್ಗಗಳೂ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದುದನ್ನು ಅಲ್ಲಿಯ ವಿದ್ಯಾರ್ಥಿಗಳು ನೆನೆಯಬೇಕು. ಇದನ್ನರಿಯದವರು ‘ನಮ್ಮ ಪ್ರದೇಶಕ್ಕೆ ಆಧಾರಗಳಿಲ್ಲ’ ಎಂದು ಬರೆದುಬಿಡುತ್ತಾರೆ. ಒಬ್ಬರು ಬರೆದದ್ದನ್ನು ಮುಂದಿನವರು ನಕಲಿಸುತ್ತಾರೆ. ಇರುವ ಚರಿತ್ರೆಯೇ ಇಲ್ಲವಾಗುತ್ತದೆ.

ಮೂಲವನ್ನು ಓದುವುದು

ಕೆಳದಿಯ ಅರಸರನ್ನು ಕುರಿತು ಕನ್ನಡದಲ್ಲಿಯೇ ಒಂದು ಕೃತಿಯಿದೆ: ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’. ಪ್ರವಾಸಿಗರಿಗಾಗಿ ಬರೆಯುವ ಹೆಚ್ಚಿನವರು ಈ ಚಂಪೂಕೃತಿಯನ್ನು ಓದಲಾರರು. ಐಚ್ಛಿಕ ಕನ್ನಡದ ವಿದ್ಯಾರ್ಥಿ ಓದಬಲ್ಲ. ಅದರಲ್ಲಿ ಬೇಕಲದ ಪ್ರಸ್ತಾಪ ಬಂದಿದೆಯೆ, ಬಂದಿದ್ದರೆ ‘ಕಟ್ಟಿಸಿದನು’ ಎಂದಿದೆಯೋ ‘ಬಲಪಡಿಸಿದನು’ ಎಂದಿದೆಯೋ ಎಂದು ನೋಡುವುದೇ ನಿಜವಾದ ಸಂಶೋಧನೆಯ ಆರಂಭ.

ಇಂಟರ್‌ನೆಟ್ ಆರ್ಕೈವ್‌ನಂತಹ ಭಂಡಾರಗಳಲ್ಲಿ ಹಳೆಯ ಕನ್ನಡ ಪುಸ್ತಕಗಳು ಬಹುಮಟ್ಟಿಗೆ ಪುಟಗಳ ಛಾಯಾಚಿತ್ರಗಳಾಗಿವೆ. ಯಂತ್ರವು ಅವುಗಳ ಅಕ್ಷರಗಳನ್ನು ಓದುವಾಗ ಒತ್ತಕ್ಷರಗಳಲ್ಲಿ ಎಡವುತ್ತದೆ. ಆದುದರಿಂದ ಪದವನ್ನು ಹುಡುಕಿದಾಗ ಸಿಗಲಿಲ್ಲವೆಂದ ಮಾತ್ರಕ್ಕೆ ಗ್ರಂಥದಲ್ಲಿ ಅದು ಇಲ್ಲವೆಂದಲ್ಲ. ವಿಷಯಸೂಚಿಯನ್ನೂ ಶಬ್ದಸೂಚಿಯನ್ನೂ ತೆರೆದು ಪುಟಗಳನ್ನೇ ಓದಬೇಕು. ಹಳಗನ್ನಡ ಪಠ್ಯಗಳಲ್ಲಿ ೞ, ಱ ಅಕ್ಷರಗಳನ್ನು ಕೆಲವರು ಉಳಿಸುತ್ತಾರೆ, ಕೆಲವರು ಳ, ರ ಎಂದು ಬದಲಿಸುತ್ತಾರೆ. ‘ಬಾೞ್’ ಎಂಬುದನ್ನು ‘ಬಾಳ್’ ಎಂದೂ ಹುಡುಕಬೇಕು. ಅರ್ಥ ತಿಳಿಯದ ಶಬ್ದಗಳಿಗೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಅಂತರಜಾಲದಲ್ಲಿಯೇ ಲಭ್ಯವಿದೆ.

ತೂಗುವುದು, ದಾಖಲಿಸುವುದು

ಮೂಲ ದೊರೆತ ಮೇಲೂ ವಿವೇಚನೆ ಮುಗಿಯುವುದಿಲ್ಲ. ಶಿವಪ್ಪ ನಾಯಕನು ಆಳಿದ್ದು 17ನೆಯ ಶತಮಾನದಲ್ಲಿ. ‘ಕೆಳದಿನೃಪವಿಜಯ’ ರಚಿತವಾದದ್ದು 18ನೆಯ ಶತಮಾನದಲ್ಲಿ. ಅದು ರಾಜವಂಶವನ್ನು ಕೀರ್ತಿಸುವ ಕಾವ್ಯವೆಂಬುದನ್ನು ಮರೆಯಬಾರದು. ಸ್ಟರಕ್ ಇನ್ನೂ ಈಚಿನವನು. ಆದುದರಿಂದ ಸಮಕಾಲೀನ ಸಾಕ್ಷಿ, ತರುವಾಯದ ಬರಹ, ನಮ್ಮ ಊಹೆ ಎಂಬ ಮೂರನ್ನು ಬೇರೆ ಬೇರೆಯಾಗಿ ಬರೆಯಬೇಕು. ಗ್ರಂಥದ ಹೆಸರು, ಕರ್ತೃ, ಮುದ್ರಣದ ವರ್ಷ, ಪುಟಸಂಖ್ಯೆಗಳನ್ನು ಓದುವಾಗಲೇ ಗುರುತಿಸಿಕೊಳ್ಳಬೇಕು. ಅಂತರಜಾಲದ ಪುಟವಾದರೆ ವಿಳಾಸವನ್ನೂ ನೋಡಿದ ದಿನಾಂಕವನ್ನೂ ಸೇರಿಸಬೇಕು. ಪುಟಗಳು ಬದಲಾಗುತ್ತವೆ, ಮಾಯವಾಗುತ್ತವೆ.

ಅಭ್ಯಾಸ: ನಿಮ್ಮ ಊರಿನ ಕುರಿತು ಅಂತರಜಾಲದಲ್ಲಿರುವ ಒಂದು ಹೇಳಿಕೆಯನ್ನು ಆರಿಸಿಕೊಳ್ಳಿ. 1956ಕ್ಕಿಂತ ಹಿಂದೆ ನಿಮ್ಮ ಊರು ಯಾವ ಆಡಳಿತಕ್ಕೆ ಸೇರಿತ್ತೆಂಬುದನ್ನು ತಿಳಿದು, ಆ ಹೆಸರುಗಳಿಂದ ಹುಡುಕಿ, ಹೇಳಿಕೆಯ ಅತ್ಯಂತ ಹಳೆಯ ಮುದ್ರಿತ ಆಧಾರವನ್ನು ಪತ್ತೆಮಾಡಿ. ಆಧಾರ ದೊರೆಯದಿದ್ದರೆ ಎಲ್ಲೆಲ್ಲಿ ಹುಡುಕಿದಿರೆಂಬುದನ್ನು ಬರೆಯಿರಿ. ನಿಮ್ಮ ನಂತರ ಬರುವವರಿಗೆ ಅದೂ ಉಪಯುಕ್ತ.