ಗ್ರಾಫಿಕ್ಸ್ ಕಾರ್ಡ್ ಆಮೇಲೆ ಬರಲಿ

ಪ್ರಶ್ನೆ: ಇಂಜಿನಿಯರಿಂಗ್ ಎರಡನೇ ವರ್ಷ. ಟ್ಯೂಷನ್ ಹೇಳಿ 40,000 ರೂಪಾಯಿ ಕೂಡಿಟ್ಟಿದ್ದೇನೆ, ಮಾನಿಟರ್ ಮನೆಯಲ್ಲೇ ಇದೆ. ಗೇಮಿಂಗ್ ಕಂಪ್ಯೂಟರ್ ಆದೀತೇ?

ಉತ್ತರ: ಆಗುತ್ತದೆ, ಆದರೆ ಒಂದೇ ಏಟಿಗಲ್ಲ. ಸದ್ಯಕ್ಕೆ ರೈಜನ್ 5 5600ಜಿಯಂಥ, ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಹಾಕಿಸಿ. ಕಾರ್ಡ್ ಮುಂದಿನ ವರ್ಷ ನೋಡೋಣ. ಇಂಥ ಪ್ರೊಸೆಸರಿಗೆ ಪ್ರತ್ಯೇಕ ಗ್ರಾಫಿಕ್ಸ್ ಮೆಮೊರಿ ಇಲ್ಲ, ರ‍್ಯಾಮಿನಲ್ಲೇ ಪಾಲು ಕೇಳುತ್ತದೆ. ಹಾಗಾಗಿ 16 ಜಿಬಿಯ ಒಂದೇ ಸ್ಟಿಕ್ ಬೇಡ, 8 ಜಿಬಿಯವು ಎರಡಿರಲಿ. ನಾಲ್ಕು ಸ್ಲಾಟಿನ ಬೋರ್ಡಾದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಕೂರಬೇಕು. ಅವಸರದಲ್ಲಿ ಅಕ್ಕಪಕ್ಕ ಸಿಕ್ಕಿಸಿಬಿಟ್ಟರೆ ಆಟ ತಡವರಿಸುತ್ತದೆ, ಕಾರಣ ಹೊಳೆಯುವುದಿಲ್ಲ. ರ‍್ಯಾಮ್ ದರ ಏರಿಳಿಯುತ್ತಲೇ ಇರುತ್ತದೆ. ನಾಲ್ಕು ಅಂಗಡಿ ವಿಚಾರಿಸಿ.

ಎಸ್‌ಎಂಪಿಎಸ್‌ನಲ್ಲಿ ಮಾತ್ರ ಜಿಪುಣತನ ಬೇಡ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದನ್ನು ಅಲ್ಲೇ ಬಿಟ್ಟು, ಹೆಸರಿರುವ ಕಂಪನಿಯ 550 ವ್ಯಾಟಿನ, 80 ಪ್ಲಸ್ ಬ್ರಾಂಜ್ ಮುದ್ರೆಯದನ್ನು ತನ್ನಿ. ನಾಳೆ ಕಾರ್ಡ್ ಬಂದಾಗಲೂ ಅದೇ ಸಾಕಾದೀತು. ಬಣ್ಣದ ಫ್ಯಾನುಗಳ ದುಡ್ಡು ಇಲ್ಲಿಗೆ ಹೋಗಲಿ. ಕ್ಯಾಬಿನೆಟ್ಟಿನೊಳಗೆ ದೀಪಾವಳಿ ಯಾಕೆ?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಬೇರೆಲ್ಲೇ ಆಗಲಿ, ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವಾಗ ಎದುರಿಗೇ 20 ನಿಮಿಷ ಭಾರದ ಆಟವೊಂದನ್ನು ಓಡಿಸಲು ಹೇಳಿ. ಪರದೆಯ ಮೇಲೆ ಚುಕ್ಕಿ, ಗೆರೆ ಕುಣಿದರೆ ಎದ್ದು ಬನ್ನಿ.

ಅಲ್ಲಿಯವರೆಗೆ ‘ಹೇಡಿಸ್’, ‘ಸ್ಟಾರ್ಡ್ಯೂ ವ್ಯಾಲಿ’ ಈ ಯಂತ್ರದಲ್ಲೇ ಸಲೀಸು. 2015ರಲ್ಲಿ ಪಿಸಿಗೆ ಬಂದ ಜಿಟಿಎ 5 ಕೂಡ ಸೆಟ್ಟಿಂಗ್ ತಗ್ಗಿಸಿದರೆ ಓಡುತ್ತದೆ. ಎಪಿಕ್ ಸ್ಟೋರಿನಲ್ಲಿ ವಾರವಾರ ಉಚಿತ ಆಟ ಸಿಗುತ್ತದೆ. ಸ್ಟೀಮಿನಲ್ಲಿ ಬೇಕಾದದ್ದನ್ನು ವಿಶ್‌ಲಿಸ್ಟಿಗೆ ಸೇರಿಸಿಡಿ, ಬೆಲೆ ಇಳಿದ ದಿನ ಅವರೇ ಮೇಲ್ ಕಳಿಸುತ್ತಾರೆ.