ಪ್ರಯಾಣದಲ್ಲಿ ಬಿಸಿನೀರು: ಕಾರಿನ ಬ್ಯಾಟರಿಯನ್ನು ಎಷ್ಟು ನಂಬಬಹುದು?

ದೂರದ ಊರಿಗೆ ಹೊರಡುವ ಕುಟುಂಬಗಳ ಕಾರಿನಲ್ಲಿ ಈಗ ಒಂದು ಹೊಸ ಸಾಮಾನು ಕಾಣಿಸುತ್ತಿದೆ. ಸಿಗರೇಟ್ ಲೈಟರ್‌ನ ಸಾಕೆಟ್‌ಗೆ ಸಿಕ್ಕಿಸಿ ನೀರು ಕಾಯಿಸುವ ಪುಟ್ಟ ಕೆಟಲ್ ಅದು. ಮಗುವಿನ ಹಾಲು, ಅಜ್ಜಿಯ ಕಷಾಯ, ಚಾಲಕನ ಸುಲೈಮಾನಿ ಎಲ್ಲವೂ ಅದರಿಂದಲೇ ಆಗುತ್ತದೆಂದು ನಂಬಿ ಕೊಂಡುಕೊಳ್ಳುತ್ತೇವೆ. ಉಪಕರಣ ಕೆಟ್ಟದ್ದೇನಲ್ಲ. ಆದರೆ ಅದರ ಶಕ್ತಿ ಎಷ್ಟು ಎಂದು ತಿಳಿಯದೆ ಬಳಸಿದರೆ ಹೊಟ್ಟೆಯೂ ಕೆಡಬಹುದು, ಬ್ಯಾಟರಿಯೂ ಕೈಕೊಡಬಹುದು. ಮೊದಲು ನೆನಪಿಡಬೇಕಾದ ಮಾತು ಇಷ್ಟೇ: ಬಿಸಿಯಾದ ನೀರು ಬೇರೆ, ಕುದಿದ ನೀರು ಬೇರೆ.

ಕಾರಿನ ಕೆಟಲ್ ಏಕೆ ನಿಧಾನ?

ಮನೆಯ ವಿದ್ಯುತ್ ಕೆಟಲ್ ಸಾಮಾನ್ಯವಾಗಿ 1500 ವ್ಯಾಟ್‌ನದ್ದು. ಒಂದು ಲೋಟ ನೀರನ್ನು ಒಂದೆರಡು ನಿಮಿಷಗಳಲ್ಲಿ ಕುದಿಸಿಬಿಡುತ್ತದೆ. ಕಾರಿನ ಸಾಕೆಟ್‌ನ ಕಥೆ ಬೇರೆ. ಅದು 12 ವೋಲ್ಟ್‌ನದ್ದು. ಅದರ ಫ್ಯೂಸ್ ಹೆಚ್ಚಾಗಿ 10 ಅಥವಾ 15 ಆಂಪಿಯರ್‌ನದ್ದು. ಅಂದರೆ ಅದರಿಂದ ಸಿಗುವುದು 120ರಿಂದ 180 ವ್ಯಾಟ್ ಮಾತ್ರ, ಮನೆಯ ಕೆಟಲ್‌ನ ಹತ್ತನೆಯ ಒಂದು ಪಾಲು.

250 ಮಿಲಿ ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು 120 ವ್ಯಾಟ್‌ನಲ್ಲಿ ಲೆಕ್ಕದ ಪ್ರಕಾರವೇ 11 ನಿಮಿಷ ಬೇಕು. ದಾರಿಯಲ್ಲಿ ಸೋರಿಹೋಗುವ ಶಾಖವನ್ನೂ ಸೇರಿಸಿದರೆ ಕಾಲು ಗಂಟೆ ದಾಟುತ್ತದೆ. ಒಂದು ಲೀಟರ್‌ಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಕಾಯುವ ತಾಳ್ಮೆ ಯಾರಿಗಿದೆ? ಮಗು ಅಳುತ್ತಿರುತ್ತದೆ, ಕೆಟಲ್‌ನ ಹೊರಮೈ ಮುಟ್ಟಿದರೆ ಸುಡುತ್ತದೆ, 'ಸಾಕು' ಎಂದು ಪ್ಲಗ್ ಕೀಳುತ್ತೇವೆ. ಅಪಾಯ ಇರುವುದು ಇಲ್ಲಿಯೇ.

ಕೈಗೆ ಸುಟ್ಟರೆ ಸಾಲದು

50 ಡಿಗ್ರಿಯ ನೀರು ನಮ್ಮ ಕೈಗೆ ಸುಡುತ್ತದೆ. ಆದರೆ ಹೊಟ್ಟೆ ಕೆಡಿಸುವ ರೋಗಾಣುಗಳನ್ನು ಕೊಲ್ಲಲು ಆ ಬಿಸಿಯನ್ನು ನಂಬುವಂತಿಲ್ಲ. ದಾರಿಯಲ್ಲಿ ತುಂಬಿಸಿಕೊಂಡ ನೀರಿನ ಮೂಲ ಗೊತ್ತಿಲ್ಲದಿದ್ದರೆ ಅದು ಗುಳ್ಳೆಗಳೆದ್ದು ಕೊತಕೊತ ಕುದಿಯಬೇಕು, ಹಾಗೆ ಒಂದು ನಿಮಿಷ ಕುದಿಯಲು ಬಿಡಬೇಕು. ಎತ್ತರದ ಜಾಗಗಳಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುವುದರಿಂದ 2000 ಮೀಟರ್‌ಗಿಂತ ಮೇಲೆ ಮೂರು ನಿಮಿಷ ಕುದಿಸಬೇಕೆಂಬ ಸಲಹೆ ಇದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೂ ಅದಕ್ಕಿಂತ ಕೆಳಗೇ ಇರುವುದರಿಂದ ಇಲ್ಲಿ ಒಂದು ನಿಮಿಷ ಸಾಕು.

ಎಳೆಯ ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆರು ತಿಂಗಳವರೆಗೆ ಎದೆಹಾಲೇ ಉತ್ತಮ. ಪ್ರಯಾಣದಲ್ಲಂತೂ ಅದಕ್ಕೆ ಕೆಟಲೂ ಬೇಡ, ಬಾಟಲಿಯೂ ಬೇಡ. ವೈದ್ಯರು ಹಾಲಿನ ಪುಡಿ ಹೇಳಿದ್ದರೆ ಒಂದು ಸಂಗತಿ ತಿಳಿದಿರಲಿ: ನೀರು ಮಾತ್ರವಲ್ಲ, ಪುಡಿಯೂ ಪೂರ್ತಿ ರೋಗಾಣುಮುಕ್ತವಲ್ಲ. ಆದ್ದರಿಂದಲೇ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗೆ ಇಳಿಯುವ ಮೊದಲು ಪುಡಿ ಬೆರೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆರೆಸಿದ ಮೇಲೆ ಬಾಟಲಿಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ನೋಡಿ, ಆಮೇಲೆ ಕುಡಿಸಿ. ತಯಾರಿಸಿ ಎರಡು ಗಂಟೆ ದಾಟಿದ ಹಾಲನ್ನು ಚೆಲ್ಲಿಬಿಡಿ. ಉಳಿದ ಹಾಲನ್ನು ಮತ್ತೆ ಬಿಸಿ ಮಾಡಿ ಕೊಡುವುದು ಉಳಿತಾಯವಲ್ಲ, ಕಾಯಿಲೆಗೆ ಆಹ್ವಾನ.

ಫ್ಲಾಸ್ಕ್ ಮೊದಲು, ಕೆಟಲ್ ಆಮೇಲೆ

ಹಾಗಾದರೆ ಏನು ಮಾಡಬೇಕು? ನೀರನ್ನು ಮನೆಯಲ್ಲೇ ಕುದಿಸಿ ಒಳ್ಳೆಯ ಫ್ಲಾಸ್ಕ್‌ನಲ್ಲಿ ತೆಗೆದುಕೊಂಡು ಹೋಗಿ. ಮೊದಲು ಫ್ಲಾಸ್ಕ್‌ಗೆ ಸ್ವಲ್ಪ ಕುದಿನೀರು ಹಾಕಿ, ಐದು ನಿಮಿಷ ಬಿಟ್ಟು ಚೆಲ್ಲಿ, ಬಳಿಕ ಕುದಿಯುವ ನೀರನ್ನು ಬಾಯಿಯವರೆಗೆ ತುಂಬಿಸಿ. ಅರ್ಧ ತುಂಬಿದ ಫ್ಲಾಸ್ಕ್ ಬೇಗ ಆರುತ್ತದೆ. ಹಾಲಿನ ಪುಡಿಯನ್ನು ಒಂದೊಂದು ಸಲಕ್ಕೆ ಬೇಕಾದಷ್ಟು ಅಳೆದು, ಒಣಗಿದ ಡಬ್ಬಿಗಳಲ್ಲಿ ಬೇರೆಯಾಗಿ ಇಟ್ಟುಕೊಳ್ಳಿ.

ಕೆಟಲ್‌ಗೆ ನಿಜವಾದ ಕೆಲಸ ಇಲ್ಲಿಂದ ಶುರು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ವಾಹನಗಳು ಗಂಟೆಗಟ್ಟಲೆ ನಿಂತುಬಿಡುವುದು ನಿಮಗೆ ಗೊತ್ತೇ ಇದೆ. ಅಷ್ಟರಲ್ಲಿ ಫ್ಲಾಸ್ಕಿನ ನೀರು 60 ಡಿಗ್ರಿಗೆ ಇಳಿದಿದ್ದರೂ ಅದನ್ನು ಮತ್ತೆ ಕುದಿಸಲು ತಣ್ಣೀರಿಗೆ ಬೇಕಾಗುವ ಶಕ್ತಿಯ ಅರ್ಧದಷ್ಟು ಸಾಕು. ಸಮಯವೂ ಅರ್ಧ, ಬ್ಯಾಟರಿಯ ಮೇಲಿನ ಹೊರೆಯೂ ಅರ್ಧ.

ಬ್ಯಾಟರಿಯ ಲೆಕ್ಕ

ಸಣ್ಣ ಕಾರಿನ ಬ್ಯಾಟರಿ ಸುಮಾರು 35 ಆಂಪಿಯರ್ ಅವರ್‌ನದ್ದು. ಎಂಜಿನ್ ನಿಲ್ಲಿಸಿ ಒಂದು ಲೋಟ ತಣ್ಣೀರು ಕುದಿಸಿದರೆ ಅದರಿಂದ ಎರಡೂವರೆ ಆಂಪಿಯರ್ ಅವರ್‌ನಷ್ಟು ಖರ್ಚಾಗುತ್ತದೆ. ಒಂದು ಲೋಟಕ್ಕೆ ತೊಂದರೆಯಿಲ್ಲ. ಐದು ಜನರಿಗೆ ಚಹಾ ಮಾಡಹೊರಟರೆ ಮೂರನೆಯ ಒಂದು ಪಾಲು ಖಾಲಿ. ಜೊತೆಗೆ ದೀಪವೂ ಉರಿಯುತ್ತಿದ್ದರೆ, ಬ್ಯಾಟರಿಯೂ ಹಳೆಯದಾಗಿದ್ದರೆ, ನಡುರಾತ್ರಿ ಘಾಟಿಯಲ್ಲಿ ಗಾಡಿ ಸ್ಟಾರ್ಟ್ ಆಗದೇ ಹೋಗಬಹುದು. ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಈ ಸಾಹಸ ಬೇಡವೇ ಬೇಡ.

ಎಂಜಿನ್ ಚಾಲೂ ಇದ್ದರೆ ಬ್ಯಾಟರಿ ತುಂಬುತ್ತಿರುತ್ತದೆ, ನಿಜ. ಆದರೆ ಮುಚ್ಚಿದ ಶೆಡ್ ಅಥವಾ ಗ್ಯಾರೇಜಿನೊಳಗೆ ಎಂಜಿನ್ ಓಡಿಸುತ್ತಾ ಕೂರಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ವಾಹನದೊಳಗೆ ಗ್ಯಾಸ್ ಸ್ಟವ್ ಹಚ್ಚುವುದೂ ಇದೇ ಕಾರಣಕ್ಕೆ ಅಪಾಯ.

ಮನೆಯ 1500 ವ್ಯಾಟ್‌ನ ಕೆಟಲನ್ನು ಇನ್ವರ್ಟರ್ ಮೂಲಕ ಕಾರಿಗೆ ಜೋಡಿಸುವವರೂ ಇದ್ದಾರೆ. ಅದು 12 ವೋಲ್ಟ್‌ನ ಬ್ಯಾಟರಿಯಿಂದ 125 ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ. ಫ್ಯೂಸ್ ಸುಡುತ್ತದೆ. ದೊಡ್ಡ ಫ್ಯೂಸ್ ಹಾಕಿಸಿದಿರೋ, ವೈರ್ ಹೊತ್ತಿಕೊಳ್ಳಬಹುದು. ಲಾರಿ ಚಾಲಕರಿಗೆ ಇನ್ನೊಂದು ಮಾತು: ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುತ್ತದೆ. 12 ವೋಲ್ಟ್‌ನ ಕೆಟಲ್ ಅಲ್ಲಿ ನಾಲ್ಕು ಪಟ್ಟು ಕಾದು ಸುಟ್ಟುಹೋಗುತ್ತದೆ. ಕೊಳ್ಳುವಾಗಲೇ ವೋಲ್ಟ್ ನೋಡಿ.

ಓಡುವ ಗಾಡಿಯಲ್ಲಿ ಬೇಡ

ಕೆಟಲ್ ಹಚ್ಚುವುದು ಗಾಡಿ ನಿಲ್ಲಿಸಿದ ಮೇಲೆ ಮಾತ್ರ. ಒಂದು ಬ್ರೇಕ್ ಸಾಕು, ಕುದಿನೀರು ಮಡಿಲಿನ ಮಗುವಿನ ಮೇಲೆ ಚೆಲ್ಲಲು. ಹಾಗೇನಾದರೂ ಆದರೆ ಸುಟ್ಟ ಜಾಗದ ಬಟ್ಟೆ, ಬಳೆಗಳನ್ನು ತೆಗೆದು (ಚರ್ಮಕ್ಕೆ ಅಂಟಿದ್ದರೆ ಎಳೆಯಬಾರದು) 20 ನಿಮಿಷ ತಣ್ಣೀರು ಹರಿಸಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಅರಿಶಿನ ಯಾವುದನ್ನೂ ಹಚ್ಚಬೇಡಿ. ಶುಭ್ರ ಬಟ್ಟೆ ಸಡಿಲವಾಗಿ ಹೊದಿಸಿ ವೈದ್ಯರಲ್ಲಿಗೆ ಕರೆದೊಯ್ಯಿರಿ. ಇದಕ್ಕಾಗಿಯೇ ಗಾಡಿಯಲ್ಲಿ ಒಂದು ಕ್ಯಾನ್ ತಣ್ಣೀರು ಯಾವಾಗಲೂ ಇರಲಿ.

ಕೆಟಲ್‌ನಲ್ಲಿ ಹಾಲು ಕಾಯಿಸಬೇಡಿ. ಉಕ್ಕುತ್ತದೆ, ತಳ ಹಿಡಿಯುತ್ತದೆ, ಮೂಲೆಯಲ್ಲಿ ಉಳಿದ ಹಾಲು ಕೊಳೆಯುತ್ತದೆ. ನೀರು ಪೂರ್ತಿ ಬತ್ತಲೂ ಬಿಡಬೇಡಿ. ಅನೇಕ ಅಗ್ಗದ ಕೆಟಲ್‌ಗಳು ತಾವಾಗಿ ಆರುವುದಿಲ್ಲ. ಊರು ಮುಟ್ಟಿದ ಮೇಲೆ ತೊಳೆದು, ಮುಚ್ಚಳ ತೆರೆದು ಒಣಗಿಸಿ. ಬಿಳಿ ಪದರ ಕಟ್ಟಿದ್ದರೆ ನೀರಿಗೆ ಲಿಂಬೆರಸ ಹಾಕಿ ಕುದಿಸಿ ಚೆಲ್ಲಿ.

ಕೊನೆಗೆ ಚಾಲಕರಿಗೆ: ಚಹಾ ನಿದ್ದೆಯನ್ನು ಸ್ವಲ್ಪ ಹೊತ್ತು ಮುಂದೂಡುತ್ತದೆಯೇ ಹೊರತು ನಿದ್ದೆಗೆ ಬದಲಿಯಲ್ಲ. ಅದರ ಪರಿಣಾಮ ಕಾಣಲು ಅರ್ಧ ಗಂಟೆಯಾದರೂ ಬೇಕು. ಕಣ್ಣು ಎಳೆಯುತ್ತಿದ್ದರೆ ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಒಂದು ಲೋಟ ಕುಡಿದು, 20 ನಿಮಿಷ ಮಲಗಿ. ಮನೆಯವರು ಕಾಯುತ್ತಿರುವುದು ನಿಮಗಾಗಿ, ಬೇಗ ಬರುವ ಗಾಡಿಗಾಗಿ ಅಲ್ಲ.