ಕೃತಕ ಅಕ್ಷಿಪಟಲ: ನೆಲೆಯನ್ನವಲಂಬಿಸಿದ ನೋಟ

ಇರುಳುಗಣ್ಣಿನಿಂದ ಆರಂಭವಾಗಿ, ನೋಟದ ಹರವು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಹೋಗುವ ಆನುವಂಶಿಕ ವ್ಯಾಧಿಯೊಂದಿದೆ. ಅದರ ಹೆಸರು ರೆಟಿನೈಟಿಸ್ ಪಿಗ್ಮೆಂಟೋಸಾ. ಇಂತಹ ರೋಗಿಗಳ ಮನೆಯವರು “ವಿದೇಶದಲ್ಲಿ ಕಣ್ಣೊಳಗೆ ಯಂತ್ರ ಕೂರಿಸುತ್ತಾರಂತೆ, ನಮ್ಮ ಹುಡುಗನಿಗೂ ಆಗುವುದೇ?” ಎಂದು ನಮ್ಮನ್ನು ಕೇಳುವುದುಂಟು. ಸದ್ಭಕ್ತರ ತಿಳಿವಳಿಕೆಗಾಗಿ ಆ ವಿಷಯವನ್ನು ಇಲ್ಲಿ ವಿವರಿಸುತ್ತೇವೆ.

ಅಕ್ಷಿಪಟಲವು ಹಲವು ಪದರಗಳುಳ್ಳ ತೆಳುವಾದ ಪೊರೆ. ಈ ವ್ಯಾಧಿಯಲ್ಲಿ ನಶಿಸುವುದು ಅದರ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು. ಒಳಪದರದ ನರಕೋಶಗಳಲ್ಲಿ ಅನೇಕವು ಉಳಿದಿರುತ್ತವೆ. ಹೀಗೆ ಉಳಿದವುಗಳನ್ನು ವಿದ್ಯುತ್ತಿನಿಂದ ಪ್ರಚೋದಿಸುವುದೇ ಕೃತಕ ಅಕ್ಷಿಪಟಲದ ತತ್ತ್ವ.

ಅಮೆರಿಕದಲ್ಲಿ 2013ರಲ್ಲಿ ಅನುಮತಿ ಪಡೆದ ‘ಆರ್ಗಸ್ 2’ ಇದಕ್ಕೆ ಪ್ರಸಿದ್ಧ ನಿದರ್ಶನ. ಕನ್ನಡಕದಲ್ಲಿರುವ ಕ್ಯಾಮೆರಾ ಕಂಡ ದೃಶ್ಯವು ತಂತಿಯಿಲ್ಲದೆ ಕಣ್ಣೊಳಗಿನ ಉಪಕರಣವನ್ನು ಸೇರುತ್ತದೆ. ಅಕ್ಷಿಪಟಲದ ಒಳಮೈಮೇಲೆ ಪುಟ್ಟ ಮೊಳೆಯೊಂದರಿಂದ ನೆಲೆಗೊಳಿಸಿದ ತೆಳುಹಾಳೆಯಲ್ಲಿ 60 ವಿದ್ಯುದ್ವಾರಗಳಿರುತ್ತವೆ.

ಇಲ್ಲಿ ಕೂದಲೆಳೆಯಷ್ಟು ಅಂತರವೂ ಮುಖ್ಯವಾಗುತ್ತದೆ. ಕಣ್ಣಿನ ಒಳಮೈ ಬಾಗಿರುವುದರಿಂದ ಹಾಳೆಯ ಒಂದು ಅಂಚು ತಾಗಿದ್ದು, ಇನ್ನೊಂದು ಅಂಚು ಮೇಲೆದ್ದಿರಬಹುದು. ವಿದ್ಯುದ್ವಾರವು ದೂರವಾದಷ್ಟೂ ವಿದ್ಯುತ್ತು ನಡುವಿನ ದ್ರವದಲ್ಲಿ ಹರಡಿಹೋಗುತ್ತದೆ. ಕೋಶವನ್ನು ಎಚ್ಚರಿಸಲು ಹೆಚ್ಚು ಪ್ರವಾಹ ಬೇಕಾಗುತ್ತದೆ. ಹಾಗೆಂದು ಪ್ರವಾಹವನ್ನು ಮನಬಂದಂತೆ ಹೆಚ್ಚಿಸಲಾಗದು. ಮಿತಿ ಮೀರಿದರೆ ಅಂಗಾಂಶಕ್ಕೂ ಉಪಕರಣಕ್ಕೂ ಹಾನಿ. ಮಿತಿಯೊಳಗೂ ಪಕ್ಕದ ಚುಕ್ಕೆಗಳು ಒಂದರೊಳಗೊಂದು ಕಲೆತು ಆಕಾರ ಮಸುಕಾಗುತ್ತದೆ. ಇನ್ನು ಹಾಳೆಯು ಬಿಗಿಯಾಗಿ ಒತ್ತಿದರೆ ಅಕ್ಷಿಪಟಲವೇ ನೋಯಬಹುದು.

ಪದರದ ಆಯ್ಕೆಯೂ ಅಷ್ಟೇ ಮುಖ್ಯ. ಒಳಮೈಯಲ್ಲಿ ದೂರದ ಕೋಶಗಳಿಂದ ಬರುವ ನರತಂತುಗಳು ಹಾದುಹೋಗುತ್ತವೆ. ಅವೂ ಪ್ರಚೋದಿತವಾದರೆ ರೋಗಿಗೆ ಚುಕ್ಕೆಯ ಬದಲು ನೀಳ ಗೆರೆ ಕಾಣುತ್ತದೆ. ಜರ್ಮನಿಯ ‘ಆಲ್ಫಾ’ ಉಪಕರಣವನ್ನು ಅಕ್ಷಿಪಟಲದ ಕೆಳಗೆ, ನಶಿಸಿದ ಕೋಶಗಳ ಸ್ಥಾನದಲ್ಲಿಯೇ ಇರಿಸಿದ್ದರು. ಅಲ್ಲಿ ಮುಂದಿನ ಕೋಶಗಳು ಸಮೀಪವಿರುತ್ತವೆ. ಆದರೆ ಶಸ್ತ್ರಕ್ರಿಯೆ ಕಠಿಣ. ಆಸ್ಟ್ರೇಲಿಯದ ತಜ್ಞರು 2012ರಲ್ಲಿ ಇನ್ನೂ ಹಿಂದಿನ ಪದರವನ್ನು ಆರಿಸಿಕೊಂಡರು. ಅಲ್ಲಿ ಶಸ್ತ್ರಕ್ರಿಯೆ ಸುಲಭವಾದರೂ ಅಂತರ ಹೆಚ್ಚು.

ಇಷ್ಟಾದರೂ ದೊರೆಯುವುದು ಸಹಜ ದೃಷ್ಟಿಯಲ್ಲ. ಬಾಗಿಲು, ಕಿಟಕಿ, ಎದುರು ನಿಂತ ವ್ಯಕ್ತಿಯ ಇರವು ಇವುಗಳ ಮಿನುಗುನೋಟವಷ್ಟೇ. ‘ಆರ್ಗಸ್ 2’ರ ತಯಾರಿಕೆಯೂ 2019ರಲ್ಲಿ ನಿಂತಿತು.

ಆಯುರ್ವೇದ ವೈದ್ಯರಾಗಿ ನಾವು ಒಂದು ಮಾತನ್ನು ಮರೆಮಾಚದೆ ಹೇಳಬೇಕು: ನಶಿಸಿದ ಈ ಕೋಶಗಳನ್ನು ಮರಳಿ ಬೆಳೆಸುವ ಘೃತವಾಗಲಿ ಅಂಜನವಾಗಲಿ ನಮ್ಮಲ್ಲಿಲ್ಲ. ಹಾಗೆ ಭರವಸೆ ಕೊಡುವವರಿಗೆ ಹಣ ತೆರಬೇಡಿರಿ. ಮಗುವು ಸಂಜೆಯಾದೊಡನೆ ತಡವರಿಸಿದರೆ ಕೂಡಲೇ ನೇತ್ರತಜ್ಞರಿಗೆ ತೋರಿಸಿರಿ. ಕಾರಣವು ‘ಎ’ ಜೀವಸತ್ತ್ವದ ಕೊರತೆಯಾಗಿದ್ದರೆ ಸಕಾಲದ ಚಿಕಿತ್ಸೆಯಿಂದ ಇರುಳುನೋಟ ಮರಳುತ್ತದೆ. ಮನೆತನದಲ್ಲಿ ಈ ವ್ಯಾಧಿಯಿದ್ದರೆ, ಸೋದರಮಾವ ಅಥವಾ ಅತ್ತೆಯ ಮಕ್ಕಳೊಡನೆ ಸಂಬಂಧ ಬೆಳೆಸುವ ಮೊದಲು ತಜ್ಞರ ಸಲಹೆ ಪಡೆಯಿರಿ. ಯಂತ್ರದ ನೆಲೆಯನ್ನು ತಜ್ಞರು ನಿರ್ಧರಿಸಲಿ. ಈ ಎಚ್ಚರಿಕೆ ನಮ್ಮ ಕೈಯಲ್ಲಿದೆ.